ಬುರುಜಿನ ಬಾಗಿಲು

ಹನ್ನೊಂದರ ನಂತರದ ಬಿಸಿಲು ಜೀವ ತೆಗೆಯುತ್ತಿದ್ದುದರಿಂದ ಹಳೇ ಪೇಟೆಯವರೆಲ್ಲ ದಿನಾ ಕೋಟೆಯ ದಪ್ಪ ಗೋಡೆಯ ಬುರುಜಿನೊಳಗೆ ಸೇರಿ, ನಾಲ್ಕಕ್ಕೆ ಹೊರಬರುತ್ತಿದ್ದರು. ಬಾಗಿಲು ಕಾಯುವವಳು ಕಾಶವ್ವ. ಅಂದು ಹನ್ನೊಂದರ ಸೈರನ್ ಕೂಗಿದ ಮೇಲೆ ನೆರೆಮನೆಯ ಹುಸೇನಬಿ ಓಡುತ್ತ ಬಂದಳು.

"ಜಾಗ ಇಲ್ಲಬೇ, ಒಳಗ ತುಂಬೇತಿ," ಎಂದು ಕಾಶವ್ವ ಅಗುಳಿ ಹಾಕಿದಳು.

ಜಾಗವಿತ್ತು. ಅಲ್ಲಿ ಕಾಶವ್ವನ ತಂಗಿ ಕಾಲು ಚಾಚಿ ಮಲಗಿದ್ದಳು.

ಐದು ತಾಸು ಕಾಶವ್ವ ಬಾಗಿಲಿನತ್ತ ನೋಡಲಿಲ್ಲ. ತೆರೆದಾಗ, ಹುಸೇನಬಿ ಗೋಡೆಯ ಗೇಣಗಲದ ನೆರಳಿಗೆ ಅಂಟಿಕೊಂಡು ಕೂತಿದ್ದಳು. ಜೀವವಿತ್ತು. ಮುಖದ ಒಂದು ಮಗ್ಗುಲು ಬೊಬ್ಬೆ ಎದ್ದಿತ್ತು. ಕಾಶವ್ವ ಅಳುತ್ತ ನೀರು ಕುಡಿಸಿದಳು.

"ಅಳಬ್ಯಾಡ ಕಾಶಕ್ಕಾ," ಎಂದಳು ಹುಸೇನಬಿ. "ಜಾಗ ಇದ್ದಿದ್ದಿಲ್ಲ, ನೀನರ ಏನ್ ಮಾಡ್ತಿ?"

ಇತ್ತು ಎನ್ನಲು ಕಾಶವ್ವ ಬಾಯಿ ತೆರೆದಳು. ಒಳಗಿನಿಂದ ಜನ ಹೊರಬರುತ್ತಿದ್ದರು.

"ಇನ್ನಷ್ಟು ನೀರು ತರ್ತೀನಿ," ಎಂದು ಎದ್ದುಹೋದಳು.