ಓತಾಕರ್ ಇಳಿದ ಸ್ಟಾಪುಗಳು

"ಕೂತ್ಕೊಳ್ಳಿ ತಾತ," ಎಂದು ಟ್ರಾಮಿನಲ್ಲಿ ಹಸಿರು ಕೂದಲಿನ ಹುಡುಗಿ ಎದ್ದು ನಿಂತ ಕೂಡಲೇ ಕ್ವೆತಾ ಕಣ್ಣು ಮುಚ್ಚಿಕೊಂಡಳು. ಅವಳ ಗಂಡ ಓತಾಕರ್ ಎಂದಿನಂತೆ, "ಬೇಡಮ್ಮ, ಮುಂದಿನ ಸ್ಟಾಪೇ ನಮ್ದು," ಎಂದ. ಅದು ಅವರ ಸ್ಟಾಪಾಗಿರಲಿಲ್ಲ. ಆದರೂ ಇಬ್ಬರೂ ಇಳಿದರು.

ಊರಿಗೆ ಹೋಗುವ ರೈಲು ಸಂಜೆ ಐದಕ್ಕಿತ್ತು. ಸ್ಟೇಷನ್ನಿಗೆ ಮುಕ್ಕಾಲು ಗಂಟೆಯ ದಾರಿ; ಇವರು ಬೆಳಿಗ್ಗೆ ಹನ್ನೊಂದಕ್ಕೇ ಹೊರಟಿದ್ದರು. ಆದರೆ ಪ್ರಾಗಿನ ಜನ ಬಿಳಿ ಕೂದಲು ಕಂಡರೆ ಸ್ಪ್ರಿಂಗಿನಂತೆ ಎದ್ದು ಸೀಟು ಬಿಡುತ್ತಾರೆ. ತಾನಿನ್ನೂ ಮುದುಕನಲ್ಲ ಎಂದು ತೋರಿಸಲು ಅರವತ್ತೆಂಟರ ಓತಾಕರ್ ಪ್ರತಿ ಸಲವೂ ಇಳಿದುಬಿಡುತ್ತಿದ್ದ. ಹೀಗೆ ಹದಿನಾಲ್ಕು ಟ್ರಾಮುಗಳಾದವು, ಗಂಟೆ ನಾಲ್ಕು ದಾಟಿತು.

"ರೀ, ನನ್ನ ಕಾಲು ಬನ್ನಿನ ಹಂಗೆ ಊದ್ಕೊಂಡಿದೆ," ಎಂದಳು ಕ್ವೆತಾ. "ರೈಲು ತಪ್ಪಿದ್ರೆ ನಾನು ಇಲ್ಲೇ ಇನ್ನೊಂದು ಮದುವೆ ಆಗ್ತೀನಿ. ನೀವು ಇಳೀತಾ ಇರಿ."

ಹದಿನೈದನೆಯ ಟ್ರಾಮಿನಲ್ಲಿ ಎದ್ದು ನಿಂತವಳು ತೊಂಬತ್ತರ ಅಜ್ಜಿ. ಊರುಗೋಲು ಊರಿಕೊಂಡು, "ಕೂತ್ಕೋ ಮಗಾ, ಎಷ್ಟು ದಣಿದಿದೀಯ," ಎಂದಳು.

ಓತಾಕರ್ ಬಾಯಿ ತೆರೆದ. ಅವನನ್ನು ಯಾರಾದರೂ ಮಗಾ ಎಂದು ಕರೆದು ಮೂವತ್ತು ವರ್ಷವಾಗಿತ್ತು. ಬಾಯಿ ಮುಚ್ಚಿಕೊಂಡು ಕೂತ.

ಅವನು ಮನಸ್ಸು ಬದಲಿಸುವ ಮೊದಲೇ ಕ್ವೆತಾ ಚೀಲದ ಸಮೇತ ಅವನ ತೊಡೆಯ ಮೇಲೆ ಕೂತುಬಿಟ್ಟಳು.