ಧಣಿಯ ಕೋಟಿನಲ್ಲಿ ಗವರ್ನರು

ನೀಲಿ ರೇಷ್ಮೆ ಕೋಟು ಒಂದೇ, ಆ ಬೆಳಿಗ್ಗೆ ಅದು ಬೇಕಾದವರು ಇಬ್ಬರು. ಒಬ್ಬ ಜೇಬೆಜ್ ಥರ್ಸ್ಟನ್. ರಮ್ ಮಾರಿ, ಲಂಡನ್ನಿನ ದೊರೆ ಸಮುದ್ರದಾಚೆಯಿಂದ ಆಳುತ್ತಿದ್ದ ನ್ಯೂಪೋರ್ಟ್ ಊರಿಗೇ ದೊಡ್ಡ ಸಾಹುಕಾರನಾಗಿ, ಅದೂ ಸಾಲದೆ ಶಾಸನಸಭೆಗೂ ಗೆದ್ದು, ಇವತ್ತು ಮೊದಲ ಭಾಷಣಕ್ಕೆ ಹೊರಟವನು. ಇನ್ನೊಬ್ಬ ಅವನ ಗುಲಾಮ ಕ್ವಾಮಿನೋ. ಊರಿನ ಗುಲಾಮರೆಲ್ಲ ವರ್ಷಕ್ಕೊಮ್ಮೆ ಸೇರಿ ತಮ್ಮದೇ ಒಬ್ಬ ಗವರ್ನರನನ್ನು ಆರಿಸಿಕೊಳ್ಳುತ್ತಾರೆ. ಈ ಸಲ ಕ್ವಾಮಿನೋ ಗೆದ್ದುಬಿಟ್ಟಿದ್ದ. ಗೆದ್ದವನ ಮೆರವಣಿಗೆಗೆ ಅವನ ಧಣಿಯೇ ತನ್ನ ಒಳ್ಳೆಯ ಕೋಟು, ಕುದುರೆ ಕೊಡಬೇಕು. ಪದ್ಧತಿ!

"ಕೊಡಲ್ಲ ಅಂದ್ರೆ ಕೊಡಲ್ಲ!" ಎಂದು ಜೇಬೆಜ್ ಗುಡುಗಿದ.

"ಸುಮ್ನೆ ಕೊಡ್ರೀ," ಎಂದಳು ಹೆಂಡತಿ ಪೇಷನ್ಸ್. "ಹೋದ್ವರ್ಷ ಹೋಲ್‌ಬ್ರೂಕ್ ಮನೆಯವ್ರು ಅವ್ರ ಗವರ್ನರಿಗೆ ಬೆಳ್ಳಿ ಹಿಡಿ ಕತ್ತಿ ಬೇರೆ ಕೊಟ್ಟಿದ್ರು. ನಮ್ಮನೆ ಗವರ್ನರು ಹರಕು ಅಂಗೀಲಿ ಹೊರಟ್ರೆ ಚರ್ಚಲ್ಲಿ ನಾನು ಹೇಗೆ ಮುಖ ತೋರಿಸ್ಲಿ? ನಿಮ್ಮನ್ನ ಯಾರು ನೋಡ್ತಾರೆ, ಬಿಡಿ."

ಕಡೆಗೂ ಕೈಗೆ ಬಂದ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಕ್ವಾಮಿನೋ ಮೆಲ್ಲಗೆ ಕೇಳಿದ. "ಧಣಿ, ನನ್ನ ಬಿಡುಗಡೆ ವಿಷ್ಯ? ನಿಮ್ಮ ಚುನಾವಣೆ ಮುಗೀಲಿ ಅಂದಿದ್ರಿ."

"ಅದೂ ಇವತ್ತೇ ಆಗ್ಬೇಕಾ? ಕೋಟು ಕೊಟ್ಟಿದ್ದೀನಲ್ಲ, ಮಾರಾಯ!"

ಹೊಟ್ಟೆಯ ಮೇಲೆ ಗುಂಡಿ ಕೂಡದ ಹಳೇ ಕೋಟಿನಲ್ಲಿ ಜೇಬೆಜ್ ಸಭೆಯಲ್ಲಿ ಎದ್ದು ನಿಂತ. "ತನ್ನನ್ನು ಆಳುವ ಕಾನೂನಿನಲ್ಲಿ ಯಾರ ಮಾತಿಗೆ ಜಾಗವಿಲ್ಲವೋ ಅವನು ಗುಲಾಮ! ಲಂಡನ್ನಿನ ಈ ನೊಗ ಇಳಿಸೋಣ!" ಅಷ್ಟರಲ್ಲಿ ಬೀದಿಯಲ್ಲಿ ಪಿಟೀಲು, ತಮಟೆ. ಘನ ಸದಸ್ಯರಲ್ಲಿ ಅರ್ಧ ಜನ ಕಿಟಕಿಗೆ ಓಡಿದರು. ಜೇಬೆಜನೂ ಇಣುಕಿದ. ಕುದುರೆಯ ಮೇಲೆ ಕೂತ ಕ್ವಾಮಿನೋಗೆ ಆ ಕೋಟು, ಅಯ್ಯೋ, ಎಷ್ಟು ಚೆನ್ನಾಗಿ ಒಪ್ಪಿತ್ತು! ಸಾಹುಕಾರನಿಗೆ ಹೊಟ್ಟೆ ಉರಿಯಿತು.

ಸಂಜೆ ಕ್ವಾಮಿನೋ ಕೋಟನ್ನು ಮಡಿಸಿ ತಂದಿಟ್ಟ.

"ಏನ್ ಗವರ್ನರೇ, ಭಾಷಣಾನೂ ಬಿಗಿದ್ರಂತೆ?" ಎಂದು ಜೇಬೆಜ್ ಕೆಣಕಿದ. "ನಿಂಗೆಲ್ಲಿಂದ ಬಂತೋ ಭಾಷಣ?"

"ನಿಮ್ದೇ ಧಣಿ. ನೀವು ಕನ್ನಡಿ ಮುಂದೆ ಹೇಳ್ಕೊಳ್ಳೋವಾಗ ನಿಮ್ಮ ವಿಗ್ಗಿಗೆ ಪೌಡರ್ ಹಾಕ್ತಿದ್ದೋನು ನಾನೇ ಅಲ್ವಾ? ಲಂಡನ್ ಅನ್ನೋದೊಂದು ಬಿಟ್ಟೆ. ಮಿಕ್ಕಿದ್ದೆಲ್ಲ ಹಾಗೇ ಹೇಳ್ದೆ."

ಜೇಬೆಜ್ ಉಬ್ಬಿಹೋದ. "ನಮ್ಮ ಸಭೇಲಂತೂ ಚಪ್ಪಾಳೆಯೋ ಚಪ್ಪಾಳೆ. ನಿಮ್ಮೋರು?"

"ಚಪ್ಪಾಳೆ ತಟ್ಟಲಿಲ್ಲ ಧಣಿ. 'ನೊಗ ಇಳಿಸೋದು ಯಾವತ್ತಿಂದ?' ಅಂತ ಕೇಳಿದ್ರು. ಧಣೀನ ಕೇಳ್ಕೊಂಡು ಬಂದು ಹೇಳ್ತೀನಿ ಅಂದೆ. ಎಲ್ರೂ ಬಾಗಿಲಲ್ಲೇ ನಿಂತಿದಾರೆ."