ಬೇವಿನ ಕಟ್ಟೆಯಷ್ಟು ಪ್ರಾಂತ

ಭೀಮಾತೀರ ಪ್ರಾಂತ ಒಡೆದ ಮೇಲೆ ಗಡಿ ಜರುಗುತ್ತಿರುವುದು ಇದು ನಾಲ್ಕನೆಯ ಸಲ. ಹಿಂದೆ ಪ್ರಾಂತದವರ ಬಾಯಲ್ಲಿ ಎರಡು ಭಾಷೆಗಳಿದ್ದವು. ಈಗ ಗಡಿಯ ಗೆರೆಯಾಚೆ ಹೋದವರಿಗೆ ಮರಾಠಿಯೊಂದೇ ಬರುತ್ತದೆ, ಈಚೆ ಬಂದವರಿಗೆ ಕನ್ನಡವೊಂದೇ. ಎರಡೂ ಉಳಿದಿರುವುದು ಓಣಿಯ ಬೇವಿನ ಕಟ್ಟೆಯ ಮೇಲೆ ಮಾತ್ರ. ಅದರ ಮೇಲೆ ಯಾವ ಗೆರೆಯೂ ಇನ್ನೂ ಹಾಯ್ದಿಲ್ಲ.

ಸುಗಲಾಬಾಯಿ ಅಲ್ಲಿ ಎಲೆಯಡಿಕೆ ಡಬ್ಬಿ ಹಿಡಿದು ಕೂತಿದ್ದಳು. ಗಡಿಯಾಚೆ ಕೊಟ್ಟ ಮಗಳು ಪಕ್ಕದಲ್ಲಿ ಕೂಸಿಗೆ ಕನ್ನಡದ ಜೋಗುಳ ಹಾಡುತ್ತಿದ್ದಳು. ಗಂಡನ ಮನೆಯಲ್ಲಿ ಅದರ ಒಂದು ಸಾಲೂ ಅವಳ ನಾಲಿಗೆಗೆ ಬರುವುದಿಲ್ಲ.

ಸುಣ್ಣದಿಂದ ಗಡಿಯ ಗೆರೆ ಹಾಕುವ ದಸ್ತಗೀರ ಕಟ್ಟೆಯ ಬುಡಕ್ಕೆ ಬಂದು ಬುಟ್ಟಿ ಬೋರಲು ಹಾಕಿದ. "ಸುಣ್ಣ ತೀರೇದ್ರೀ ಸಾಹೇಬ್ರ."

ಹಿಂದಿನ ಮೂರು ಸಲವೂ ಅವನ ಸುಣ್ಣ ತೀರಿದ್ದು ಇಲ್ಲಿಯೇ. ಆದರೆ ಗಡಿ ಗುರುತಿಸಲು ಜೀಪಿನಲ್ಲಿ ಬಂದಿದ್ದ ಈ ಸಾಹೇಬರು ಹೊಸಬರು. "ಮನೀಗೊಳಾಗ ಕೇಳು. ಎಲಿಗೆ ಹಚ್ಚೂ ಸುಣ್ಣಾದ್ರೂ ನಡೀತದ."

ದಸ್ತಗೀರ ಓಣಿಯೆಲ್ಲ ಕೇಳಿ ಬರಿಗೈಲಿ ಬಂದ. ಕಡೆಗೆ ಸಾಹೇಬರು ಸುಗಲಾಬಾಯಿಯತ್ತ ತಿರುಗಿದರು.

"ನಮ್ಮಲ್ಲೂ ತೀರೇದ್ರಿ," ಎಂದು ಅವಳು ಡಬ್ಬಿ ಮುಚ್ಚಿದಳು.

ಸಾಹೇಬರು ಅವಳ ಕೆಂಪು ತುಟಿಗಳನ್ನು ನೋಡಿದರು, ನಿದ್ದೆಹೋದ ಕೂಸನ್ನು ನೋಡಿದರು. "ಹಂಗಾರ ಮುಂದಿನ ಸಲ ನೋಡೂಣು," ಎಂದು ಜೀಪು ಹತ್ತಿದರು.

ಜೀಪು ಮರೆಯಾದ ಮೇಲೆ ಸುಗಲಾಬಾಯಿ ಡಬ್ಬಿ ತೆರೆದು, ಎಳೆಯ ಎಲೆ ಆರಿಸಿ, ಸುಣ್ಣ ಸವರಿ, ಎರಡೂ ಕೈಯಲ್ಲಿ ದಸ್ತಗೀರನಿಗೆ ಕೊಟ್ಟಳು.

ಅವನು ಜಗಿದು ಮುಖ ಕಿವಿಚಿದ. "ಸುಣ್ಣ ಜಾಸ್ತಿ ಆತು, ಯಕ್ಕಾ."

"ಇರ್ಲಿ ತಿನ್ನು, ತಮ್ಮಾ. ನಾಕೂ ಸಲದ್ದು ಕೂಡೇದ."